ಚಾಪೆಲ್‌ನಲ್ಲಿ ನಿಂತುಹೋದ ಸಾಲು

ಸೋಮವಾರ ಬೆಳಿಗ್ಗೆ ನಮ್ಮ ಯೂನಿವರ್ಸಿಟಿಯ ಪ್ರಾರ್ಥನಾಮಂದಿರದ, ಅಂದರೆ ಚಾಪೆಲ್‌ನ, ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬೈಬಲಿನ ಒಂದು ವಾಕ್ಯ ಬರೆದಿರುತ್ತಿದ್ದರು. ಅದಕ್ಕೆ ಮೆಮರಿ ವರ್ಸ್ ಅಂತ ಹೆಸರು. ಅದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ವಾರದ ಯಾವುದೋ ಒಂದು ದಿನ, ಹಾಡು ಮುಗಿದ ಮೇಲೆ, ಚಾಪೆಲ್‌ನ ಪಾದ್ರಿ, ಚಾಪ್ಲೇನ್ ಸಾಹೇಬರು, ಕನ್ನಡಕ ತೆಗೆದು ಒರೆಸುತ್ತ ಬೆಂಚುಗಳ ಮೇಲೆ ಕಣ್ಣಾಡಿಸಿ ಯಾರ ಕಡೆಗಾದರೂ ಕೈ ತೋರಿಸುವರು. ಅವರು ಎದ್ದು ನಿಂತು ಹೇಳಬೇಕು. ಹಲಗೆ ಬೆನ್ನ ಹಿಂದೆ ಇರುವುದರಿಂದ ಕದ್ದು ನೋಡುವ ಹಾಗೂ ಇಲ್ಲ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರಿಗೂ ಇದು ಒಂದೇ. ನಂಬಲೇಬೇಕು ಅಂತ ಆ ಯೂನಿವರ್ಸಿಟಿಯಲ್ಲಿ ಯಾರೂ ಹೇಳಲಿಲ್ಲ, ನೆನಪಿಟ್ಟುಕೊಳ್ಳಬೇಕಾಗಿತ್ತು, ಅಷ್ಟೇ.

ನನಗೆ ಅದೊಂದು ಕಷ್ಟವೇ ಅಲ್ಲ ಅಂದುಕೊಂಡಿದ್ದೆ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನ್ನನ್ನು ಪ್ಯಾರಟ್ ಅಂತ ಕರೆಯುತ್ತಿದ್ದರು. ಪೊಯೆಮ್ ಇರಲಿ, ಪ್ರೇಯರ್ ಇರಲಿ, ಎರಡು ಸಲ ಕೇಳಿದರೆ ಮೂರನೆಯ ಸಲ ನಾನೇ ಹೇಳುತ್ತಿದ್ದೆ. ಅರ್ಥ ಆಮೇಲೆ ಬರುತ್ತಿತ್ತು, ಕೆಲವೊಮ್ಮೆ ವರ್ಷಗಳಾದ ಮೇಲೆ.

ಮಳೆಗಾಲ ಶುರುವಾಗಿ ಸ್ವಲ್ಪ ದಿನವಾಗಿತ್ತು. ಅವತ್ತು ಸಾಹೇಬರ ಕೈ ನನ್ನ ಕಡೆ ಬಂತು. ಬೇರೆಯವರನ್ನೆಲ್ಲ ಅವರು ಬ್ರದರ್, ಸಿಸ್ಟರ್ ಅನ್ನುತ್ತಿದ್ದರು. ಸಾಹೇಬರಿಗಿಂತಲೇ ಹತ್ತು ವರ್ಷ ದೊಡ್ಡವಳಾದ ನಾನು ಮಾತ್ರ ಮ್ಯಾಡಮ್.

“ಯೆಸ್, ಮ್ಯಾಡಮ್.”

ಎದ್ದು ಸೆರಗು ಸರಿಮಾಡಿಕೊಂಡು ಶುರು ಮಾಡಿದೆ. ಎರಡೇ ಸಾಲಿನ ವಾಕ್ಯ, ಎರಡನೇ ಕ್ಲಾಸಿನಿಂದ ಗೊತ್ತಿದ್ದದ್ದು. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ನಾಲಿಗೆಯ ತುದಿಯಲ್ಲಿದೆ, ಈಗ ಬರುತ್ತದೆ ಅನ್ನುವಂಥ ಮರೆವು ಎಲ್ಲರಿಗೂ ಆಗುತ್ತದೆ. ಇದು ಹಾಗಿರಲಿಲ್ಲ. ಅಲ್ಲಿ ಎರಡನೆಯ ಸಾಲು ಅನ್ನುವುದು ಇತ್ತು ಅನ್ನುವುದೇ ನನಗೆ ತಿಳಿಯದಂತಾಯಿತು. ಫ್ಯಾನಿನ ಸದ್ದು ಕೇಳುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. “ಟೇಕ್ ಯುವರ್ ಟೈಮ್,” ಅಂದರು ಸಾಹೇಬರು. ಪಕ್ಕದಲ್ಲಿ ಕೂತ ನನ್ನ ರೂಮ್‌ಮೇಟ್ ಬಾಯಿಗೆ ಕೈ ಅಡ್ಡ ಹಿಡಿದು ಮುಂದಿನ ಮಾತುಗಳನ್ನು ಪಿಸುಗುಟ್ಟಿದಳು. ಒಂದೊಂದೂ ಸ್ಪಷ್ಟವಾಗಿ ಕೇಳಿಸಿತು. ಆದರೆ ಅವಳು ಹೇಳುತ್ತಿರುವುದಕ್ಕೂ ನಾನು ಈಗಷ್ಟೇ ಹೇಳಿದ್ದಕ್ಕೂ ಏನು ಸಂಬಂಧ ಅಂತ ನನಗೆ ಗೊತ್ತಾಗಲಿಲ್ಲ.

ಸುಮ್ಮನೆ ಕೂತುಬಿಟ್ಟೆ. ಅಂಗೈ ತಣ್ಣಗಾಗಿತ್ತು. ತಿಂಡಿ ತಿನ್ನುವ ಹೊತ್ತಿಗೆ ಆ ಸಾಲು ತಾನಾಗಿ ಬಂತು, ಪೂರ್ತಿ, ಅಲ್ಪವಿರಾಮ ಸಮೇತ. ಬಂದದ್ದರಿಂದ ಭಯವೇನೂ ಕಡಿಮೆಯಾಗಲಿಲ್ಲ. ಅಷ್ಟು ಹೊತ್ತು ಅದು ಎಲ್ಲಿ ಹೋಗಿತ್ತು?

ಯಾಕೆ ಇಷ್ಟು ಹೆದರಿದೆ ಅಂದರೆ, ಇದನ್ನು ನಾನು ಮೊದಲು ಒಮ್ಮೆ ನೋಡಿದ್ದೆ. ನಮ್ಮವ್ವ ಶುಕ್ರವಾರದ ಪೂಜೆಯಲ್ಲಿ ಆರತಿ ಹಾಡುತ್ತಿದ್ದಾಗ ಒಂದು ದಿನ ನಡುವೆ ನಿಂತಳು. ಕೈಯಲ್ಲಿದ್ದ ಆರತಿ ತಟ್ಟೆಯನ್ನು, ಇದನ್ನು ಯಾರು ತಂದು ಕೊಟ್ಟರು ಅನ್ನುವ ಹಾಗೆ ನೋಡಿದಳು. ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ಆಗ ಅವಳಿಗೆ ಹೆಚ್ಚುಕಡಿಮೆ ಚಾಪೆಲ್‌ನಲ್ಲಿ ನಿಂತಾಗಿನ ನನ್ನದೇ ವಯಸ್ಸು. ಕೆಲವು ವರ್ಷಗಳಾದ ಮೇಲೆ ರಜೆಗೆ ಧಾರವಾಡಕ್ಕೆ ಹೋದಾಗ ಅವಳು ನನ್ನನ್ನು ಸಾಲಿ ಕಲಿಸುವ ಟೀಚರ್ ಅಂತ ತಿಳಿದು ಮರ್ಯಾದೆಯಿಂದ ಎದ್ದು ಕುರ್ಚಿ ಕೊಟ್ಟಳು. “ಕೂಡ್ರಿ ಬಾಯಾರ. ನಿಮ್ಮ ತಾಯಿ ಎಲ್ಲಿರ್ತಾರ್ರೀ?” ಅಂತ ಕೇಳಿದಳು. ನಾನು ಇಲ್ಲೇ ಊರಾಗ ಅಂದೆ.

ಚಾಪೆಲ್‌ನಲ್ಲಿ ಹಾಗಾದಾಗ ನಾನು ಆ ಹಾಸ್ಟೆಲ್ ಸೇರಿ ಒಂದು ವರ್ಷವಾಗಿತ್ತು. ನನ್ನವರು ಓಝರ್ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಇಂಜಿನಿಯರ್. ಮದುವೆಯಾಗಿ ನಾಶಿಕ್ ಕಡೆ ಬಂದಾಗ ನನ್ನ ಬಿ.ಎ. ಅರ್ಧಕ್ಕೆ ನಿಂತಿತ್ತು, ಆಮೇಲೆ ಎಷ್ಟೋ ವರ್ಷಕ್ಕೆ ಅಂಚೆ ಮೂಲಕ ಮುಗಿಸಿದೆ. ಮಗಳ ಮದುವೆಯಾದ ಮೇಲೆ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ಮಧ್ಯಾಹ್ನಗಳು ಬಹಳ ಉದ್ದವಾದವು. ಔರಂಗಾಬಾದಿನ ಅಂಚಿನಲ್ಲಿ ಒಂದು ಸಣ್ಣ ಕ್ರಿಶ್ಚಿಯನ್ ಯೂನಿವರ್ಸಿಟಿ, ಅಲ್ಲಿ ಕೌನ್ಸೆಲಿಂಗ್‌ನಲ್ಲಿ ಎಂ.ಎ. ಇದೆ, ವಯಸ್ಸಿನ ಕಟ್ಟಿಲ್ಲ ಅಂತ ಯಾರೋ ಹೇಳಿದರು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಅನ್ನಬೇಕು. ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಗೇಟಿನ ಮೇಲೆ ಯೂನಿವರ್ಸಿಟಿ ಅಂತ ದೊಡ್ಡ ಅಕ್ಷರ. ಒಳಗೆ ಹೋದರೆ ಒಂದು ಚಾಪೆಲ್, ಎರಡು ಹಾಸ್ಟೆಲ್, ಬೇವಿನ ಮರಗಳು. ಯಾರಿಗೆ ನೆಗಡಿಯಾದರೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುವಷ್ಟು ಮಂದಿ.

“ಈ ವಯಸ್ಸಿಗೆ ಹಾಸ್ಟೆಲ್ಲಾ? ರ್ಯಾಗಿಂಗ್ ಮಾಡ್ತಾರ ನೋಡು,” ಅಂದಿದ್ದರು ನನ್ನವರು.

“ನಾನೇ ಮಾಡ್ತೀನ್ರೀ ಅವರಿಗೆ,” ಅಂದಿದ್ದೆ.

ಆ ಸೊಕ್ಕೆಲ್ಲ ಚಾಪೆಲ್‌ನ ಆ ಬೆಳಿಗ್ಗೆ ಇಳಿಯಿತು. ಅದಾದ ಮೇಲೆ ನನ್ನನ್ನು ನಾನೇ ಕಾಯುವ ಕೆಲಸ ಶುರುವಾಯಿತು. ರೂಮಿನ ಕೀಲಿ ಎಲ್ಲಿಟ್ಟೆ? ಸ್ನಾನದ ನೀರಿಗೆ ಹೀಟರ್ ಹಾಕಿದೆನೋ, ಆರಿಸಿದೆನೋ? ಒಂದು ದಿನ ಎರಡನೇ ಮಹಡಿಯಲ್ಲಿ ನಿಂತುಬಿಟ್ಟೆ. ಕ್ಲಾಸು ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಹುಡುಗರು ಹೋಗುವುದನ್ನು ನೋಡಿ ಅವರ ಹಿಂದೆ ಹೋದೆ. ಆಗ ನಮ್ಮ ಸಿಲೆಬಸ್ಸಿನಲ್ಲಿ ವಯಸ್ಸಾದವರ ಮನಸ್ಸಿನ ಪಾಠ ನಡೆದಿತ್ತು. ಮರೆವಿನ ಕಾಯಿಲೆ ಹೇಗೆ ಶುರುವಾಗುತ್ತದೆ ಅಂತ ಪ್ರೊಫೆಸರ್ ಡಿಕ್ಟೇಟ್ ಮಾಡುತ್ತಿದ್ದರು. ಹುಡುಗರು ಆಕಳಿಸುತ್ತ ಬರೆದುಕೊಳ್ಳುತ್ತಿದ್ದರು. ನಾನು ಪ್ರತಿ ವಾಕ್ಯಕ್ಕೂ ಒಳಗೊಳಗೇ ಹೌದು, ಇದೂ ಹೌದು ಅನ್ನುತ್ತ ಕೂತಿದ್ದೆ. ಪೇಷಂಟಿನ ಬಗ್ಗೆ ಪಾಠ ಕೇಳುವುದು ಬೇರೆ, ಪೇಷಂಟಾಗಿ ಕೂತು ಕೇಳುವುದು ಬೇರೆ.

ಫೋನಿನಲ್ಲಿ ನನ್ನವರಿಗೆ ಹೇಳಲಿಲ್ಲ. ಹೇಳಿದರೆ ಮರುದಿನವೇ ಮನೆಗೆ ಕರೆದೊಯ್ಯುತ್ತಾರೆ, ಅವ್ವನ ಹಾಗೆ ಕುರ್ಚಿಯಲ್ಲಿ ಕೂಡ್ರಿಸುತ್ತಾರೆ ಅನ್ನಿಸಿತು. ಮಗಳಿಗೂ ಹೇಳಲಿಲ್ಲ. ಕೊನೆಗೆ ಹೇಳಿದ್ದು ರೂಮ್‌ಮೇಟ್‌ಗೆ. ಸಟಾಣಾ ಹತ್ತಿರದ ಹಳ್ಳಿಯ ಹುಡುಗಿ; ಅವಳಪ್ಪ ವಾರವೆಲ್ಲ ದಾಳಿಂಬೆ ತೋಟ ನೋಡಿಕೊಂಡು ರವಿವಾರ ಊರಿನ ಸಣ್ಣ ಚರ್ಚಿನಲ್ಲಿ ಬೋಧನೆ ಮಾಡುವವರು. ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತಿದ್ದಳು. ಮಾತೆಲ್ಲ ಮರಾಠಿ. ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ಅವ್ವನ ವಿಷಯದಿಂದ ಹಿಡಿದು ಎಲ್ಲ ಹೇಳಿಬಿಟ್ಟೆ.

“ಯಾರಿಗೂ ಹೇಳಬೇಡಮ್ಮಾ.”

“ಗಾಡ್ ಪ್ರಾಮಿಸ್, ಮಾವಶಿ. ಒಂದು ಇರುವೆಗೂ ಹೇಳಲ್ಲ.”

ಅವಳು ಮಾತು ತಪ್ಪಲಿಲ್ಲ. ಅವಳ ಲೆಕ್ಕದಲ್ಲಿ ತಪ್ಪಲಿಲ್ಲ. ನನಗೆ ಆಮೇಲೆ ತಿಳಿದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಲ್ಲಿ ಪ್ರೇಯರ್ ಚೈನ್ ಅಂತ ಒಂದು ಪದ್ಧತಿ. ಒಬ್ಬರ ಕಷ್ಟವನ್ನು ಹೆಸರು ಹೇಳದೆ ಪ್ರಾರ್ಥನೆಗೆ ಕೊಡುತ್ತಾರೆ. ಕೇಳಿದವರು ತಮ್ಮ ಮನೆಗೆ, ತಮ್ಮ ಚರ್ಚಿಗೆ ಫೋನ್ ಮಾಡಿ ದಾಟಿಸುತ್ತಾರೆ; ಅವರು ಇನ್ನೊಬ್ಬರಿಗೆ. ದೇವರ ಮುಂದೆ ಇಟ್ಟದ್ದು ಯಾರಿಗಾದರೂ ಹೇಳಿದ ಹಾಗಲ್ಲ ಅಂತ ಆ ಹುಡುಗಿ ಚಿಕ್ಕಂದಿನಿಂದ ನಂಬಿ ಬೆಳೆದವಳು. ಅವತ್ತೇ ಸಂಜೆ ಹುಡುಗಿಯರ ಪ್ರಾರ್ಥನೆಯಲ್ಲಿ, ನಾನು ಲೈಬ್ರರಿಯಲ್ಲಿದ್ದಾಗ, “ನಮ್ಮ ಹಾಸ್ಟೆಲ್ಲಿನ ಒಬ್ಬ ತಾಯಿಗೆ ನೆನಪು ಹೋಗುವ ಭಯ ಇದೆ” ಅಂತ ಕೊಟ್ಟಳು. ಹೆಸರು ಹೇಳಲಿಲ್ಲ. ಆ ಹಾಸ್ಟೆಲ್ಲಿನಲ್ಲಿ ತಾಯಿ ಅಂತ ಇದ್ದವಳು ನಾನೊಬ್ಬಳೇ.

ಇದೊಂದೂ ಗೊತ್ತಿಲ್ಲದ ನಾನು ಮರುದಿನದಿಂದ ಇನ್ನಷ್ಟು ಹೆದರಿದೆ. ಮೆಸ್ಸಿನ ಅಡುಗೆಯಾಕೆ ಅವಲಕ್ಕಿ ಪೋಹೆಯ ಜೊತೆಗೆ ನೆನೆಹಾಕಿದ ಬಾದಾಮಿ ತಂದಿಟ್ಟಳು, ಏನೂ ಹೇಳದೆ. ಗೇಟಿನ ವಾಚ್‌ಮನ್, ನಿನ್ನೆಯವರೆಗೆ ನನ್ನ ಜೊತೆ ಕ್ರಿಕೆಟ್ ಸ್ಕೋರ್ ಮಾತಾಡುತ್ತಿದ್ದವನು, ಕಿವುಡರಿಗೆ ಹೇಳುವ ಹಾಗೆ ಜೋರಾಗಿ, ನಿಧಾನವಾಗಿ, “ಮ್ಯಾಡಮ್, ಇವತ್ತು ಗುರುವಾರ” ಅಂದ. ಫಸ್ಟ್ ಇಯರಿನ ಇಬ್ಬರು ಹುಡುಗಿಯರು ಆಚೆ ಈಚೆ ತೋಳು ಹಿಡಿದು ಕ್ಲಾಸಿನ ಬಾಗಿಲವರೆಗೆ ಬಿಟ್ಟರು. ಚಾಪೆಲ್‌ನಲ್ಲಿ ಸಾಹೇಬರ ಕೈ ನನ್ನ ಬೆಂಚಿನ ಹತ್ತಿರ ಬಂದರೆ ಸರ್ರನೆ ದಾಟಿ ಹೋಗುತ್ತಿತ್ತು.

ಹೊರಗಿನವರಿಗೂ ಕಾಣುವಷ್ಟು ಆಗಿದೆಯಾ ಹಾಗಾದರೆ? ಕನ್ನಡಿಯ ಮುಂದೆ ನಿಂತು ಮುಖ ನೋಡಿಕೊಂಡೆ. ಅವ್ವನ ಕಣ್ಣಲ್ಲಿ ಕೊನೆಕೊನೆಗೆ ಬಂದಿದ್ದ ಆ ನಯವಾದ, ಯಾರನ್ನೂ ಗುರುತಿಸದ ಸೌಜನ್ಯ ನನ್ನ ಕಣ್ಣಿಗೂ ಬಂದಿದೆಯೇ ಅಂತ ಹುಡುಕಿದೆ. ನಾನು ಏನೇನು ಮಾಡಿದ್ದೇನೋ, ನನಗೇ ನೆನಪಿಲ್ಲವೋ, ಇವರೆಲ್ಲ ನೋಡಿದ್ದಾರೋ? ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ, “ಮಾವಶಿ, ನಿನ್ನೆಯೂ ಇದನ್ನೇ ಕೇಳಿದ್ದಿರಿ” ಅಂದುಬಿಟ್ಟರೆ?

ಮುಂದಿನ ರವಿವಾರ ಮಧ್ಯಾಹ್ನ ಲೈಬ್ರರಿಯಿಂದ ಬರುತ್ತಿದ್ದಾಗ ಗೇಟಿನ ಹತ್ತಿರ ನನ್ನವರು ನಿಂತಿದ್ದರು. ಕೈಯಲ್ಲಿ ಚೀಲ, ಅಂಗಿ ಪೂರ್ತಿ ಮುದ್ದೆ. ನನ್ನನ್ನು ನೋಡಿದರು, ಮಾತಾಡಲಿಲ್ಲ. ನಗಲೂ ಇಲ್ಲ. ನಾನು ಹತ್ತಿರ ಬರುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದರು.

“ಯಾಕ್ರೀ, ಫೋನೂ ಮಾಡದ ಬಂದ್ರಿ? ಅಂಗಿ ನೋಡ್ರಿ ಹೆಂಗಾಗೇದ. ಉಂಡೀರೋ ಇಲ್ಲೋ?”

ಅವರು ವಾಚ್‌ಮನ್‌ನ ಸ್ಟೂಲಿನ ಮೇಲೆ ಕೂತುಬಿಟ್ಟರು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಬಹಳ ಹೊತ್ತು.

“ಗುರ್ತು ಹಿಡದಿ,” ಅಂದರು.

ಆದದ್ದಿಷ್ಟು. ಸಟಾಣಾ ಕಡೆಯ, ರೂಮ್‌ಮೇಟ್‌ನ ಅಪ್ಪನ ಚರ್ಚಿನಿಂದ ನಾಶಿಕ್‌ನ ಮಹಿಳಾ ಮಂಡಳಿಗೆ, ಅಲ್ಲಿಂದ ನಮ್ಮ ಟೌನ್‌ಶಿಪ್ಪಿನಲ್ಲೇ ಇದ್ದ ಒಬ್ಬ ಟೀಚರಿಗೆ ಚೈನ್ ತಲುಪಿತ್ತು. ದಾರಿಯಲ್ಲಿ ಹೆಸರೊಂದು ಬಿಟ್ಟು ಉಳಿದ ಗುರುತೆಲ್ಲ ಸೇರಿಕೊಂಡಿತ್ತು. ಓಝರಿನ ಕಡೆಯ, ಕನ್ನಡದ, ಔರಂಗಾಬಾದಿನಲ್ಲಿ ಓದುವ ವಯಸ್ಸಾದ ಹೆಣ್ಣುಮಗಳು ಅಂದರೆ ಆಕೆಗೆ ತಿಳಿಯದೆ ಇರುತ್ತದೆಯೇ? ಪಾಪ, ಒಂದು ಕೇಕ್ ಮಾಡಿಕೊಂಡು ನಮ್ಮ ಕ್ವಾರ್ಟರ್ಸಿಗೆ ಹೋಗಿ, “ಭಾವೂಜಿ, ಧೈರ್ಯವಾಗಿರಿ, ಅತ್ತಿಗೆಯವರಿಗಾಗಿ ನಾವೆಲ್ಲ ಪ್ರಾರ್ಥನೆ ಮಾಡ್ತಿದ್ದೀವಿ” ಅಂದಿದ್ದರು. ಬಾಯಿಂದ ಬಾಯಿಗೆ ಬರುವಾಗ ಭಯ ಅನ್ನುವುದು ಬಿಟ್ಟುಹೋಗಿ ನೆನಪು ಹೋಗಿದೆ ಅನ್ನುವುದಷ್ಟೇ ಉಳಿದಿತ್ತು. ಯಾರ ಗುರ್ತೂ ಸಿಗುತ್ತಿಲ್ಲವಂತೆ, ಹುಡುಗಿಯರು ಕೈ ಹಿಡಿದು ಅಡ್ಡಾಡಿಸುತ್ತಾರಂತೆ ಅಂತಲೂ ಸೇರಿತ್ತು. ನನ್ನವರು ಸಿಕ್ಕ ಕೆಂಪು ಬಸ್ಸು ಹತ್ತಿ, ಉಳ್ಳಾಗಡ್ಡಿ ಚೀಲಗಳ ನಡುವೆ ನಿಂತು, ನಿಫಾಡ್, ಯೇವಲಾ, ವೈಜಾಪುರ ದಾಟಿ ಬಂದಿದ್ದರು. ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ಓಡುತ್ತಿತ್ತಂತೆ: ನೋಡಿದ ಕೂಡಲೇ ಆಕಿ ನನ್ನನ್ನ ಯಾರ್ರೀ ನೀವು ಅಂದರ ಏನು ಹೇಳಬೇಕು.

ರೂಮ್‌ಮೇಟ್ ಅಳುತ್ತ ಬಂದಳು. “ಮಾವಶಿ, ನಾನು ಯಾರಿಗೂ ಹೇಳಿಲ್ಲ. ಪ್ರಾರ್ಥನೆಗೆ ಕೊಟ್ಟೆ ಅಷ್ಟೇ.”

“ನೀನು ಪೇಪರಿನವರಿಗೆ ಕೊಟ್ಟಿದ್ದರೆ ಇಷ್ಟು ಜನಕ್ಕೆ ಮುಟ್ಟುತ್ತಿರಲಿಲ್ಲ,” ಅಂದೆ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನಗೆ ಒಂದು ಕಡೆ ಸಮಾಧಾನವಾಗಿತ್ತು. ಬಾದಾಮಿ ಯಾಕೆ ಬಂತು ಅಂತ ಗೊತ್ತಾಯಿತಲ್ಲ. ಆದರೆ ಅವತ್ತು ಚಾಪೆಲ್‌ನಲ್ಲಿ ಆ ಸಾಲು ಹೋದದ್ದು ಚೈನ್ ಶುರುವಾಗುವ ಮೊದಲು. ಅದಕ್ಕೆ ಬೇರೆ ಯಾವ ಕಾರಣವೂ ಸಿಕ್ಕಿರಲಿಲ್ಲ.

“ಖರೇನಽ ಏನಾರ ಆಗೇದೇನು?” ಅಂತ ಕೇಳಿದರು ನನ್ನವರು. ಎಲ್ಲ ಹೇಳಿದೆ. ಅವ್ವನನ್ನು ಅವರೂ ನೋಡಿದ್ದರು. “ನಡಿ, ಡಾಕ್ಟರಿಗೆ ತೋರಸೋಣ,” ಅಂದರು.

ನಾಶಿಕ್‌ನ ಡಾಕ್ಟರ್ ಚಿಕ್ಕ ವಯಸ್ಸಿನವರು. ಇವತ್ತು ಯಾವ ವಾರ, ಯಾವ ತಿಂಗಳು ಅಂತ ಶುರು ಮಾಡಿದರು. ಮರಾಠಿಯಲ್ಲಿ ಮೂರು ಶಬ್ದ ಹೇಳಿದರು, ಸೇಬಿಗೆ ಸಫರಚಂದ, ಆಮೇಲೆ ಖುರ್ಚಿ, ನದಿ. ಆಮೇಲೆ ಕೇಳುತ್ತೇನೆ, ನೆನಪಿಡಿ ಅಂದರು. ಗಡಿಯಾರದ ಚಿತ್ರ ಬರೆಸಿದರು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದರು. ನಾನು ಪರೀಕ್ಷೆಗಳಿಗೆ ಹೆದರಿದವಳಲ್ಲ. ಆದರೆ ಅಲ್ಲಿ ಪ್ರತಿ ಉತ್ತರ ಕೊಟ್ಟ ಮೇಲೂ ಡಾಕ್ಟರ ಹುಬ್ಬು ನೋಡುತ್ತಿದ್ದೆ. ಪಕ್ಕದಲ್ಲಿ ನನ್ನವರ ತುಟಿಗಳೂ ಅಲ್ಲಾಡುತ್ತಿದ್ದವು, ತೊಂಬತ್ತಮೂರು, ಎಂಬತ್ತಾರು.

“ಕಾಕಾ, ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ,” ಅಂದರು ಡಾಕ್ಟರ್. “ಕಾಪಿ ಹೊಡೆಸಬಾರದು.”

ಅವರು ಹೋದ ಮೇಲೆ ಮೂರು ಶಬ್ದ ಕೇಳಿದರು. ಖುರ್ಚಿ ಅಂದೆ. ನದಿ ಅಂದೆ. ಮತ್ತೆ ಅದೇ ಜಾಗ, ಫ್ಯಾನಿನ ಸದ್ದು. ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಜೀವನದ ಉಳಿದದ್ದೆಲ್ಲ ಆ ಒಂದು ಮಾತಿನ ಮೇಲೆ ನಿಂತ ಹಾಗೆ ಅನ್ನಿಸಿತು. ಬಹಳ ಹೊತ್ತಿನ ಮೇಲೆ “ಆಪಲ್” ಅಂತ ಬಂತು. ಯಾವ ಭಾಷೆಯಾದರೂ ನಡೆಯುತ್ತದೆ ಅಂದರು ಅವರು. ಎಷ್ಟು ಹೊತ್ತು ತೆಗೆದುಕೊಂಡೆ ಅಂತ ಮಾತ್ರ ಬರೆದುಕೊಂಡರು. ರಕ್ತ ತೆಗೆಸಿದರು.

ರಿಪೋರ್ಟ್ ಬರುವ ತನಕ ಮನೆಯಲ್ಲಿದ್ದೆ. ಮಗಳು ಬಂದು ಹೋಗುತ್ತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಮರಾಠಿ. ಅಡುಗೆಮನೆಯಲ್ಲಿ ಅಪ್ಪ ಮಗಳು ಮೆಲ್ಲಗೆ ಮಾತಾಡುತ್ತಿದ್ದರು, ನಾನು ಹೋದರೆ ನಿಲ್ಲಿಸುತ್ತಿದ್ದರು. ಅವ್ವನ ವಿಷಯದಲ್ಲಿ ನಾವೂ ಹೀಗೇ ಮಾಡುತ್ತಿದ್ದೆವು.

ರಕ್ತದಲ್ಲಿ ಬಿ-ಟ್ವೆಲ್ವ್ ವಿಟಮಿನ್ ಬಹಳ ಕಡಿಮೆ ಇತ್ತು. ಹುಟ್ಟಾ ಶಾಕಾಹಾರಿಗಳಲ್ಲಿ ಇದು ಸಾಮಾನ್ಯ, ಇದರಿಂದಲೂ ಹೀಗೆ ಮರೆವಾಗುತ್ತದೆ, ಇಂಜೆಕ್ಷನ್ ತೆಗೆದುಕೊಳ್ಳಿ ಅಂದರು ಡಾಕ್ಟರ್. ನನ್ನವರು ಕೈಮುಗಿಯಲು ಹೊರಟರು. ಡಾಕ್ಟರ್ ತಡೆದರು. ಇದರಿಂದ ಮಾತ್ರವೇ ಅಂತ ಈಗಲೇ ಹೇಳಲಾರೆ, ತಾಯಿಗೆ ಇತ್ತು ಅನ್ನುತ್ತೀರಿ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು.

“ಹಂಗಾರ ಆರು ತಿಂಗಳು ಮನ್ಯಾಗ ಇರು,” ಅಂದರು ನನ್ನವರು, ರಿಕ್ಷಾದಲ್ಲಿ.

“ಇದ್ದು? ಕುರ್ಚಿ ಮ್ಯಾಲೆ ಕೂತು, ಯಾವಾಗ ಮರೀತೀನಿ ಅಂತ ಕಾಯ್ಲೇನು?”

“ಅಲ್ಲಿ ಏನಾರ ಆದ್ರ?”

“ಅಲ್ಲಿ ಕ್ಲಾಸಿನ ಬಾಗಲಾ ಮರತ್ರ ಹುಡಿಗ್ಯಾರು ಕೈ ಹಿಡದು ಬಿಡ್ತಾರ್ರೀ. ಇಲ್ಲಿ ನೀವು ಫ್ಯಾಕ್ಟರಿಗೆ ಹೋದ ಮ್ಯಾಲೆ ಗ್ವಾಡಿ ಜೋಡಿ ಮಾತಾಡ್ಬೇಕು.”

ಅವರು ಮರುದಿನ ತಾವೇ ಬಸ್ ಸ್ಟ್ಯಾಂಡಿಗೆ ಬಂದು ಕಿಟಕಿಯ ಸೀಟು ಹಿಡಿದು ಕೊಟ್ಟರು. ನನ್ನ ಪರ್ಸಿನಲ್ಲಿ ಮನೆಯ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಇಟ್ಟಿದ್ದರು, ನನಗೆ ಹೇಳದೆ. ವೈಜಾಪುರದಲ್ಲಿ ಚಿಲ್ಲರೆಗಾಗಿ ಪರ್ಸ್ ತೆರೆದಾಗ ಕಂಡಿತು. ಮತ್ತೆ ಮಡಿಸಿ ಅಲ್ಲೇ ಇಟ್ಟೆ.

ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಪ್ರಾರ್ಥನೆ ಫಲಿಸಿದವರು ಚಾಪೆಲ್‌ನಲ್ಲಿ ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕು. ಅದು ಅಲ್ಲಿಯ ಪದ್ಧತಿ, ಟೆಸ್ಟಿಮನಿ ಅನ್ನುತ್ತಾರೆ. ನನ್ನದೇನು ಫಲಿಸಿದೆ ಅಂತ ನನಗೇ ಗೊತ್ತಿರಲಿಲ್ಲ. ಬೇಡ ಅನ್ನಬಹುದಿತ್ತು, ಸಾಹೇಬರು ಒತ್ತಾಯ ಮಾಡುವವರಲ್ಲ. ಆದರೆ ಸಟಾಣಾದಿಂದ ಓಝರಿನವರೆಗೆ ಮುಖ ನೋಡದ ಹೆಂಗಸರು ನನಗಾಗಿ ಮಂಡಿಯೂರಿದ್ದರು. ಅವರಿಗೆ ಏನಾದರೂ ಹೇಳಲೇಬೇಕಾಗಿತ್ತು. ಎದ್ದು ನಿಂತೆ.

“ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ,” ಅಂದೆ, ಇಂಗ್ಲಿಷಿನಲ್ಲಿ. “ಇದು ನಮ್ಮ ತಾಯಿಯ ಕಾಯಿಲೆ ಹೌದೋ ಅಲ್ಲವೋ ಡಾಕ್ಟರಿಗೂ ತಿಳಿದಿಲ್ಲ. ನನಗೆ ಮೊದಲಿನಷ್ಟೇ ಭಯ ಇದೆ. ಆದರೆ ಈಗ ಅದನ್ನು ಒಬ್ಬಳೇ ಕಾಯುತ್ತಿಲ್ಲ. ಥ್ಯಾಂಕ್ ಯೂ.”

ಕೂತೆ. ಆಮೆನ್ ಅನ್ನಬೇಕೋ ಬೇಡವೋ ಅಂತ ಬೆಂಚುಗಳಿಗೆ ಗೊಂದಲವಾಯಿತು. ಒಂದಿಬ್ಬರು ಅಂದರು.

“ಮಾವಶಿ,” ಅಂದಳು ರೂಮ್‌ಮೇಟ್ ಹೊರಗೆ ಬರುವಾಗ, ಸ್ವಲ್ಪ ಮುನಿಸಿನಿಂದ, “ಟೆಸ್ಟಿಮನಿ ಅಂದರೆ ಕೊನೆಗೆ ಒಳ್ಳೆಯದಾಗಬೇಕು.”

“ಕೊನೆ ಇನ್ನೂ ಬಂದಿಲ್ಲವಲ್ಲೇ,” ಅಂದೆ.

ಆರು ತಿಂಗಳಿಗೆ ಹೋದೆ, ಮತ್ತೆ ಆರು ತಿಂಗಳಿಗೆ ಹೋದೆ. ಡಾಕ್ಟರ್ ಪ್ರತಿ ಸಲ ಸದ್ಯಕ್ಕೆ ಪರವಾಗಿಲ್ಲ ಅಂದರು. ಆ ಸದ್ಯಕ್ಕೆ ಅನ್ನುವ ಮಾತಿನಲ್ಲೇ ಎಂ.ಎ. ಮುಗಿಸಿದೆ; ಇಷ್ಟು ವರ್ಷವೂ ಅದರಲ್ಲೇ ಬದುಕಿದ್ದೇನೆ. ಈಗಲೂ ಮಾತಿನ ನಡುವೆ ಒಂದು ಹೆಸರು ತಪ್ಪಿದರೆ ಅಂಗೈ ತಣ್ಣಗಾಗುತ್ತದೆ.

ಹಾಸ್ಟೆಲ್ಲಿಗೆ ವಾಪಸು ಬಂದ ದಿನದಿಂದ ನನ್ನವರು ದಿನಾ ಸಂಜೆ ಫೋನ್ ಮಾಡತೊಡಗಿದ್ದರು. ಮೊದಲೆಲ್ಲ ವಾರಕ್ಕೊಮ್ಮೆ ಮಾಡುತ್ತಿದ್ದವರು. ಹವಾ ಹೆಂಗದ, ಕ್ಲಾಸು ಹೆಂಗ ನಡದಾವ ಅಂತ ಶುರು ಮಾಡಿ, ಏನೂ ಅಲ್ಲದ ದನಿಯಲ್ಲಿ, “ಮಧ್ಯಾಹ್ನ ಏನು ಉಂಡಿ?” ಅಂತ ಕೇಳುತ್ತಿದ್ದರು. ಪರೀಕ್ಷೆ ಅಂತ ನನಗೆ ಗೊತ್ತಿತ್ತು. ಗೊತ್ತಾಗಿದೆ ಅಂತ ಅವರಿಗೂ ಗೊತ್ತಿತ್ತು. ನಾನು ವರಣ ಭಾತ, ಮಟಕಿ ಉಸಳ ಅಂತ ಒಪ್ಪಿಸುತ್ತಿದ್ದೆ. ಒಮ್ಮೊಮ್ಮೆ ಫೋನ್ ಬರುವುದಕ್ಕೆ ಮುಂಚೆಯೇ ಮೆಸ್ಸಿನ ಮುಂದೆ ಹಾದು ಊಟದ ಬೋರ್ಡ್ ನೋಡಿಕೊಂಡು ಬರುತ್ತಿದ್ದೆ.

ಫೈನಲ್ ಪರೀಕ್ಷೆಯ ಹಿಂದಿನ ಸಂಜೆ ಬೋರ್ಡ್ ನೋಡಲು ಆಗಿರಲಿಲ್ಲ. ಅವರು ಕೇಳಿದರು. ನಾನು ಹೇಳಲು ಬಾಯಿ ತೆರೆದೆ, ತಟ್ಟೆ ಕಣ್ಣ ಮುಂದೆ ಬಂತು, ತಟ್ಟೆಯಲ್ಲಿ ಏನೂ ಇರಲಿಲ್ಲ. ಆ ಕಡೆ ಅವರು ಉಸಿರು ಹಿಡಿದದ್ದು ಕೇಳಿಸಿತು.

“ಇರಲಿ ಬಿಡು,” ಅಂದರು ಕೊನೆಗೆ. “ನಾ ಏನು ಉಂಡೆ ಅಂತ ನನಗೂ ನೆನಪಿಲ್ಲ. ನಾಳಿಗೆ ಎಷ್ಟು ಗಂಟೆಕ್ಕ ಪೇಪರು?”

“ಹತ್ತಕ್ಕ,” ಅಂದೆ. ಅದು ನೆನಪಿತ್ತು.